ಕಾಲ್ಗುಣದ ಲೆಕ್ಕ

ನಮ್ಮ ಚಿಕ್ಕಮ್ಮ ಮದುವೆಯಾಗಿ ಅರಸೀಕೆರೆ ಹತ್ತಿರದ ನಮ್ಮ ಮನೆಗೆ ಬಂದ ವರ್ಷ ತಾತ ತೀರಿಕೊಂಡರು. ಅದಾಗಿ ಮೂರು ತಿಂಗಳಿಗೆ ಹಾಲು ಕೊಡುವ ಹಸು ಸತ್ತಿತು. ಬೇಸಿಗೆಯಲ್ಲಿ ಬಾವಿ ಬತ್ತಿತು. ಕೊಬ್ಬರಿ ರೇಟು ಬಿತ್ತು. ಎಲ್ಲಾ ಸೇರಿಸಿ ಅಜ್ಜಿ ಒಂದೇ ಮಾತು ಹೇಳಿದರು: "ಇವಳ ಕಾಲ್ಗುಣ." ಅದಕ್ಕೆ ಚಿಕ್ಕಮ್ಮ ಏನಂತ ಉತ್ತರ ಕೊಡಬೇಕಿತ್ತು? ತಾತ ಹೋದಾಗ ಮನೆಯಲ್ಲೇ ಇದ್ದರು. ಹಸು ಸತ್ತಾಗ ಕೊಟ್ಟಿಗೆಯಲ್ಲೇ ಇದ್ದರು. ಇರಲಿಲ್ಲ ಅನ್ನೋಕೆ ಆಗಲ್ಲವಲ್ಲ.

ನಾನೀಗ ಇರುವುದು ಇಂಗ್ಲೆಂಡಿನ ವಾರಿಂಗ್ಟನ್‌ನಲ್ಲಿ. ಒಂದು ಕಡೆ ಮ್ಯಾಂಚೆಸ್ಟರ್, ಇನ್ನೊಂದು ಕಡೆ ಲಿವರ್‌ಪೂಲ್, ಸ್ವಲ್ಪ ಕೆಳಗೆ ಹೋದರೆ ಚೆಸ್ಟರ್. ಬಂದು ಹದಿನಾಲ್ಕು ವರ್ಷವಾಯಿತು. ಚಿಕ್ಕಮ್ಮನ ಈ ಕತೆ ಮತ್ತೆ ನೆನಪಾಗಿದ್ದು ಲೂಸಿ ಲೆಟ್ಬಿ ಎಂಬ ನರ್ಸಿನ ಕೇಸಿನಲ್ಲಿ ಕೋರ್ಟಿಗೆ ತೋರಿಸಿದ ಒಂದು ಚಾರ್ಟ್ ನೋಡಿದಾಗ.

ಊರಿನಲ್ಲಿ ಈ ಕೇಸನ್ನು ಪೂರ್ತಿ ಗಮನಿಸಿದವರು ಕಡಿಮೆ ಇರಬಹುದು. ಇಲ್ಲಿ ಮಾತ್ರ ಬಸ್ಸಿನಲ್ಲಿ, ಆಫೀಸಿನಲ್ಲಿ, ನಮ್ಮ ಯುಗಾದಿ ಊಟದ ಸಾಲಿನಲ್ಲಿ ಕೂಡ ಇದೇ ಮಾತು. ಚೆಸ್ಟರ್‌ನ ಕೌಂಟೆಸ್ ಆಫ್ ಚೆಸ್ಟರ್ ಆಸ್ಪತ್ರೆಯಲ್ಲಿ ದಿನ ತುಂಬದೆ ಹುಟ್ಟಿದ, ಕಾಯಿಲೆ ಬಿದ್ದ ಹಸುಗೂಸುಗಳನ್ನು ನೋಡಿಕೊಳ್ಳುವ ವಾರ್ಡು. ಅಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಎರಡೋ ಮೂರೋ ಮಕ್ಕಳು ತೀರಿಕೊಳ್ಳುತ್ತಿದ್ದವು. 2015ರ ಜೂನ್ ಒಂದೇ ತಿಂಗಳಲ್ಲಿ ಮೂರು ಹೋದವು. ಮುಂದಿನ ಒಂದು ವರ್ಷ ಸಾವು ನಿಲ್ಲಲಿಲ್ಲ. ಡಾಕ್ಟರುಗಳಿಗೆ ಒಬ್ಬ ನರ್ಸಿನ ಮೇಲೆ ಅನುಮಾನ ಬಂತು. ಆಡಳಿತದವರು ನಂಬಲಿಲ್ಲ. ಅನುಮಾನ ಪಟ್ಟಿದ್ದಕ್ಕೆ ಡಾಕ್ಟರುಗಳೇ ಆಕೆಗೆ ಪತ್ರ ಬರೆದು ಕ್ಷಮೆ ಕೇಳುವ ಹಾಗೆ ಮಾಡಿದರು. ಆಮೇಲೆ ಪೊಲೀಸರು ಬಂದರು. 2018ರಲ್ಲಿ ಬಂಧನ, 2020ರಲ್ಲಿ ಆರೋಪ. 2022ರ ಅಕ್ಟೋಬರ್‌ನಲ್ಲಿ ಮ್ಯಾಂಚೆಸ್ಟರ್ ಕ್ರೌನ್ ಕೋರ್ಟಿನಲ್ಲಿ ಶುರುವಾದ ವಿಚಾರಣೆ ಹತ್ತು ತಿಂಗಳು ನಡೆಯಿತು. 2023ರ ಆಗಸ್ಟ್‌ನಲ್ಲಿ ತೀರ್ಪು ಬಂತು: ಏಳು ಮಕ್ಕಳ ಕೊಲೆ, ಇನ್ನೂ ಆರು ಮಕ್ಕಳ ಕೊಲೆಗೆ ಯತ್ನ. ಮರುವರ್ಷ ಇನ್ನೊಂದು ಮಗುವಿನ ವಿಷಯದಲ್ಲಿ ಮತ್ತೊಂದು ವಿಚಾರಣೆ ನಡೆದು ಅದರಲ್ಲೂ ತಪ್ಪಿತಸ್ಥೆ ಎಂದಾಯಿತು. ಸಾಯುವವರೆಗೂ ಜೈಲು, ಬಿಡುಗಡೆಯ ಮಾತೇ ಇಲ್ಲ. ಅಂಥ ಶಿಕ್ಷೆ ಒಂದಲ್ಲ, ಹದಿನೈದು.

ತೀರ್ಪು ಬಂದ ಮೊದಲ ದಿನ ಡಾಕ್ಟರ್ ರವಿ ಜಯರಾಂ ಎಂಬ ಮಕ್ಕಳ ತಜ್ಞರು ಟಿವಿಯಲ್ಲಿ ಮಾತಾಡಿದ್ದನ್ನು ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ಹೇಳಿದೆ. ಮೊದಲು ಅನುಮಾನ ಪಟ್ಟವರಲ್ಲಿ ಅವರೂ ಒಬ್ಬರು. ಅಮ್ಮ ಕೇಳಿದ ಮೊದಲ ಪ್ರಶ್ನೆ, "ಜಯರಾಂ ಅಂದ್ರೆ ನಮ್ಮೋರೇನೋ?" ಎರಡನೇ ಪ್ರಶ್ನೆ, "ಆ ಹುಡುಗಿ ನಿಜವಾಗ್ಲೂ ಮಾಡಿದ್ಲಾ?" ಆವತ್ತು "ಕೋರ್ಟೇ ಹೇಳಿದೆಯಲ್ಲಮ್ಮ" ಅಂದಿದ್ದೆ. ಈಗ ಅಷ್ಟು ಸಲೀಸಾಗಿ ಹೇಳಲು ಬಾಯಿ ಬರುವುದಿಲ್ಲ.

ಇನ್ನು ಆ ಚಾರ್ಟಿನ ವಿಷಯ. ಒಂದು ಕಡೆ ಮಕ್ಕಳಿಗೆ ತೊಂದರೆಯಾದ ಘಟನೆಗಳು, ಇನ್ನೊಂದು ಕಡೆ 38 ನರ್ಸ್‌ಗಳ ಹೆಸರು. ಯಾವ ಘಟನೆ ನಡೆದಾಗ ಯಾರು ಡ್ಯೂಟಿಯಲ್ಲಿದ್ದರೋ ಅಲ್ಲಿ ಒಂದು ಗುರುತು. ಬೇರೆಯವರ ಹೆಸರಿನ ಮುಂದೆ ಅಲ್ಲೊಂದು ಇಲ್ಲೊಂದು. ಲೆಟ್ಬಿ ಹೆಸರಿನ ಮುಂದೆ ಮಾತ್ರ ಮೇಲಿನಿಂದ ಕೆಳಗಿನವರೆಗೂ ಗುರುತು. ನೋಡಿದ ತಕ್ಷಣ ಎದೆ ಧಸಕ್ಕೆನ್ನುತ್ತದೆ. ನನಗೂ ಹಾಗೇ ಆಯಿತು.

ಹೋದ ಸಲ ಊರಿಗೆ ಹೋದಾಗ ಚಿಕ್ಕಮ್ಮನ ಹತ್ತಿರ ಆ ಹಳೇ ಕಾಲ್ಗುಣದ ಮಾತು ಎತ್ತಿದೆ. ಅವರಿಗೆ ಈಗ ಎಪ್ಪತ್ತು. ನಕ್ಕರು. "ಅದೇ ವರ್ಷ ನೀನು ಹುಟ್ಟಿದ್ದು ಕಣೋ. ಅದೇ ವರ್ಷ ನಿಮ್ಮಪ್ಪಂಗೆ ಕೆಲಸ ಪರ್ಮನೆಂಟ್ ಆಯ್ತು. ಅದನ್ನ ನಿಮ್ಮಜ್ಜಿ ಲೆಕ್ಕಕ್ಕೇ ಹಿಡೀಲಿಲ್ಲ."

ಸಂಖ್ಯಾಶಾಸ್ತ್ರ ಓದಿದವರು ಈ ಚಾರ್ಟಿನ ಬಗ್ಗೆ ಕೇಳುವುದೂ ಇದನ್ನೇ. ಅದರಲ್ಲಿರುವುದು ಲೆಟ್ಬಿಯ ಮೇಲೆ ಆರೋಪ ಹೊರಿಸಿದ ಘಟನೆಗಳು ಮಾತ್ರ. ಆಕೆ ಇಲ್ಲದಾಗ ಸತ್ತ ಮಕ್ಕಳು ಅದರಲ್ಲಿಲ್ಲ. ಆಕೆ ಎಷ್ಟು ಹೆಚ್ಚುವರಿ ಶಿಫ್ಟ್ ಮಾಡುತ್ತಿದ್ದಳು, ಕಷ್ಟದ ಮಕ್ಕಳನ್ನು ಯಾರಿಗೆ ಜಾಸ್ತಿ ಕೊಡುತ್ತಿದ್ದರು, ಅದೂ ಇಲ್ಲ. ಒಂದು ಘಟನೆ ಅನುಮಾನಾಸ್ಪದ ಅಂತ ತೀರ್ಮಾನಿಸುವಾಗ ಆಕೆ ಅಲ್ಲಿದ್ದಳು ಅನ್ನುವುದೇ ಮನಸ್ಸಿನ ಮೂಲೆಯಲ್ಲಿ ಕೂತಿದ್ದರೆ ಚಾರ್ಟ್ ತುಂಬಾ ಆಕೆಯ ಗುರುತು ಬರದೆ ಇನ್ಯಾರದು ಬರುತ್ತದೆ? ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತೇವೆ. ಇಲ್ಲಿ ಕಾಗೆ ಕೂತಿದ್ದ ಕೊಂಬೆಗಳನ್ನಷ್ಟೇ ಆರಿಸಿ ಪಟ್ಟಿ ಮಾಡಿದ್ದಾರೆ ಅನ್ನುವುದು ಆಕ್ಷೇಪ.

ವಿಚಿತ್ರ ನೋಡಿ, ಇದೇ ಚೆಸ್ಟರ್ ಊರು ಇದೇ ಥರದ ಲೆಕ್ಕದಲ್ಲಿ ಹಿಂದೆ ಒಮ್ಮೆ ಎಡವಿದೆ. ಸ್ಯಾಲಿ ಕ್ಲಾರ್ಕ್ ಎಂಬ ವಕೀಲೆ. ಎರಡು ಗಂಡು ಮಕ್ಕಳು ಹಸುಗೂಸಾಗಿದ್ದಾಗಲೇ ಹೋದವು. ತಾಯಿಯೇ ಕೊಂದಳು ಅಂತ 1999ರಲ್ಲಿ ಚೆಸ್ಟರ್ ಕ್ರೌನ್ ಕೋರ್ಟಿನಲ್ಲಿ ಶಿಕ್ಷೆಯಾಯಿತು. ಹೆಸರಾಂತ ಮಕ್ಕಳ ತಜ್ಞರೊಬ್ಬರು ಸಾಕ್ಷಿ ಹೇಳಿದ್ದರು. ಇಂಥ ಮನೆಯಲ್ಲಿ ಒಂದು ಕೂಸು ಕಾರಣವಿಲ್ಲದೆ ಸಾಯುವ ಸಾಧ್ಯತೆ 8,543ಕ್ಕೆ ಒಂದು. ಎರಡು ಸಾಯಬೇಕೆಂದರೆ ಅದನ್ನು ಅದರಿಂದಲೇ ಗುಣಿಸಿ, ಏಳು ಕೋಟಿ ಮೂವತ್ತು ಲಕ್ಷಕ್ಕೆ ಒಂದು! ಒಂದೇ ತಾಯಿತಂದೆ, ಒಂದೇ ರಕ್ತ, ಒಂದೇ ಮನೆ. ಮೊದಲ ಮಗುವಿಗೆ ಬಂದ ದೋಷ ಎರಡನೆಯದಕ್ಕೂ ಬರಬಹುದು, ಹಾಗಾಗಿ ಸುಮ್ನೆ ಗುಣಿಸುವಂತಿಲ್ಲ ಅನ್ನುವ ಮಾತಿಗೆ ಆವತ್ತು ಬೆಲೆ ಸಿಗಲಿಲ್ಲ. ಜೊತೆಗೆ ಎರಡನೇ ಮಗುವಿಗೆ ಸೋಂಕಿತ್ತು ಎಂದು ತೋರಿಸುವ ಲ್ಯಾಬ್ ವರದಿ ಕೋರ್ಟಿಗೆ ಬಂದೇ ಇರಲಿಲ್ಲ. 2003ರಲ್ಲಿ ಆಕೆ ಹೊರಬಂದರು. 2007ರಲ್ಲಿ ತೀರಿಕೊಂಡರು.

ಹಾಲೆಂಡಿನಲ್ಲಿ ಲೂಸಿಯಾ ಡಿ ಬರ್ಕ್ ಎಂಬ ನರ್ಸಿಗೂ ಇದೇ ಆಯಿತು. ಆಕೆಯ ಶಿಫ್ಟಿನಲ್ಲೇ ಇಷ್ಟು ಸಾವು ಕಾಕತಾಳೀಯವಾಗಿ ಬರುವ ಸಾಧ್ಯತೆ 34 ಕೋಟಿಗೆ ಒಂದು ಎಂದರು. 2003ರಲ್ಲಿ ಜೀವಾವಧಿ. 2010ರಲ್ಲಿ "ತಪ್ಪಾಯಿತು, ನೀವು ನಿರ್ದೋಷಿ."

ಹಾಗಂತ ಲೆಕ್ಕವೆಲ್ಲ ಬರೀ ಕಾಲ್ಗುಣ ಅಂತ ತಳ್ಳಿಹಾಕಿದರೆ ಅದೂ ತಪ್ಪಾಗುತ್ತದೆ. ನಮ್ಮ ಮನೆಯಿಂದ ಮುಕ್ಕಾಲು ಗಂಟೆ ದೂರದ ಹೈಡ್ ಎಂಬ ಊರಿನಲ್ಲಿ ಹೆರಾಲ್ಡ್ ಶಿಪ್‌ಮನ್ ಅಂತ ಒಬ್ಬ ಡಾಕ್ಟರಿದ್ದ. ಊರಿಗೆಲ್ಲ ಬೇಕಾದವನು. 2000ದಲ್ಲಿ 15 ಕೊಲೆಗಳಿಗೆ ಶಿಕ್ಷೆಯಾಯಿತು. ಆಮೇಲಿನ ತನಿಖೆಯಲ್ಲಿ ಕೊಂದವರ ಸಂಖ್ಯೆ 200 ದಾಟಿತು. ಇವನ ರೋಗಿಗಳು ಯಾಕೆ ಇಷ್ಟು ಜನ ಸಾಯುತ್ತಾರೆ ಅಂತ ಪಕ್ಕದ ಕ್ಲಿನಿಕ್ಕಿನ ಡಾಕ್ಟರಿಗೆ, ಹೆಣ ಸಾಗಿಸುವವರಿಗೆ ಮೊದಲೇ ಅನ್ನಿಸಿತ್ತು. ಅವರು ಮಾಡಿದ್ದೂ ಎಣಿಕೆಯೇ. ಅವತ್ತೇ ಯಾರಾದರೂ ಕಿವಿಗೊಟ್ಟಿದ್ದರೆ ಇನ್ನೂ ಕೆಲವರು ಉಳಿಯುತ್ತಿದ್ದರು. ಅದಕ್ಕೇ ಚೆಸ್ಟರ್‌ನ ಡಾಕ್ಟರುಗಳನ್ನು ನಾನು ಅಜ್ಜಿಯ ಸಾಲಿಗೆ ಸೇರಿಸುವುದಿಲ್ಲ. ಅನುಮಾನ ಪಡುವುದು ಅವರ ಕೆಲಸವಾಗಿತ್ತು. ಅನುಮಾನದಿಂದ ಹುಡುಕಾಟ ಶುರುವಾಗಬೇಕು. ಹುಡುಕಾಟ ಮುಗಿದ ಮೇಲೂ ಕೈಯಲ್ಲಿ ಅನುಮಾನವೇ ಉಳಿದಿದ್ದರೆ ಏನು ಮಾಡಬೇಕು ಅನ್ನುವುದು ಬೇರೆ ಮಾತು.

ನನ್ನ ಹೆಂಡತಿ ನರ್ಸು. ಉಡುಪಿ ಕಡೆಯವಳು, ಮಂಗಳೂರಿನಲ್ಲಿ ಕಲಿತವಳು. ಈ ಕೇಸಿನಲ್ಲಿ ಪೊಲೀಸರಿಗೆ ಲೆಟ್ಬಿಯ ವಸ್ತುಗಳಲ್ಲಿ 257 ಹ್ಯಾಂಡೋವರ್ ಶೀಟು ಸಿಕ್ಕವು ಅಂತ ಪೇಪರಿನಲ್ಲಿ ಬಂದಾಗ ಎಲ್ಲರೂ ಹೌಹಾರಿದರು. ಹ್ಯಾಂಡೋವರ್ ಶೀಟ್ ಅಂದರೆ ಒಂದು ಶಿಫ್ಟಿನವರು ಇನ್ನೊಂದು ಶಿಫ್ಟಿನವರಿಗೆ ಕೊಡುವ ಕಾಗದ. ಯಾವ ಬೆಡ್ಡಿನಲ್ಲಿ ಯಾರು, ಏನು ಔಷಧಿ, ಎಷ್ಟು ಹೊತ್ತಿಗೆ, ಎಲ್ಲಾ ಇರುತ್ತದೆ. ಮನೆಗೆ ತರುವಂತಿಲ್ಲ. ಕೊಲೆಗಾರ್ತಿ ನೆನಪಿಗೆ ಇಟ್ಟುಕೊಂಡಿದ್ದಾಳೆ ಅಂತ ವಾದ. ಇವಳು ಓದಿ ಎದ್ದು ಹೋದಳು. ಒಗೆಯುವ ಬುಟ್ಟಿಯಲ್ಲಿದ್ದ ತನ್ನ ಯೂನಿಫಾರ್ಮಿನ ಜೇಬಿಗೆ ಕೈಹಾಕಿ ಮಡಿಸಿದ ಎರಡು ಕಾಗದ ತಂದು ಮೇಜಿನ ಮೇಲಿಟ್ಟಳು. "ನೋಡಿ ಮಾರಾಯ್ರೆ, ನನ್ನನ್ನೂ ಹಿಡಿದುಕೊಟ್ಟುಬಿಡಿ."

ಆದರೆ ಅವಳೇ ಅರ್ಧ ಗಂಟೆ ಬಿಟ್ಟು ಹೇಳಿದಳು, "ಎರಡು ಮೂರು ಬರ್ತದೆ, ಸರಿ. ಇನ್ನೂರ ಐವತ್ತು ಯಾಕೆ?" ನಮ್ಮ ಮನೆಯಲ್ಲಿ ಈ ಕೇಸಿನ ಚರ್ಚೆ ಎರಡು ವರ್ಷದಿಂದ ಹೀಗೇ ನಡೆದಿದೆ. ಅಂದಹಾಗೆ ಈಗ ಒಂದು ಶ್ರೆಡ್ಡರ್ ತಂದಿಟ್ಟಿದ್ದಾಳೆ.

ಲೆಟ್ಬಿಯ ಮನೆಯಲ್ಲಿ ಸಿಕ್ಕ ಚೀಟಿಗಳ ಕತೆಯೂ ಹಾಗೇ. ಒಂದರಲ್ಲಿ ದೊಡ್ಡಕ್ಷರದಲ್ಲಿ "ನಾನು ಕೆಟ್ಟವಳು, ನಾನೇ ಇದನ್ನು ಮಾಡಿದೆ" ಅಂತಿದೆ. ಇಷ್ಟು ಸಾಲದೇ? ಆದರೆ ಅದೇ ಚೀಟಿಯಲ್ಲಿ "ನಾನೇನೂ ತಪ್ಪು ಮಾಡಿಲ್ಲ" ಅಂತಲೂ ಇದೆ. ಮನಸ್ಸಿನಲ್ಲಿರುವುದನ್ನೆಲ್ಲ ಬರೆದು ಹಾಕು ಅಂತ ಸಮಾಧಾನ ಹೇಳುವವರು ಕೊಟ್ಟ ಸಲಹೆಯಂತೆ ಬರೆದಿದ್ದು ಎಂದು ಆಮೇಲೆ ಪತ್ರಿಕೆಯಲ್ಲಿ ಬಂತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆಯನ್ನು ನಾವು ಕಳ್ಳನನ್ನು ಹಿಡಿಯುವುದಕ್ಕೇ ಬಳಸುತ್ತೇವೆ. ಎರಡು ವರ್ಷ ಎಲ್ಲರೂ ನಿನ್ನನ್ನೇ ಕಳ್ಳ ಅನ್ನುತ್ತಿದ್ದರೆ ಕದಿಯದವನೂ ಹೆಗಲು ಮುಟ್ಟಿಕೊಳ್ಳುತ್ತಾನೆ. ನಾನಂತೂ ವಿಮಾನ ನಿಲ್ದಾಣದ ಕಸ್ಟಮ್ಸ್ ದಾಟುವಾಗ ಬ್ಯಾಗಿನಲ್ಲಿ ಬರೀ ಚಟ್ನಿಪುಡಿ ಇದ್ದರೂ ಬೆವರುತ್ತೇನೆ.

ಇಲ್ಲಿನ ಒಂದು ರೀತಿ ನನಗೆ ತುಂಬಾ ಹಿಡಿಸಿತ್ತು. ವಿಚಾರಣೆ ನಡೆದ ಹತ್ತು ತಿಂಗಳೂ ಪತ್ರಿಕೆಗಳು ಕೋರ್ಟಿನೊಳಗೆ ಆ ದಿನ ಏನು ನಡೆಯಿತೋ ಅಷ್ಟನ್ನು ಮಾತ್ರ ಬರೆದವು. ಜ್ಯೂರಿಯ, ಅಂದರೆ ತಪ್ಪಿತಸ್ಥರೋ ಅಲ್ಲವೋ ಅಂತ ತೀರ್ಮಾನಿಸುವ ಸಾಮಾನ್ಯ ಜನರ ಗುಂಪಿನ, ಮನಸ್ಸು ಕೆಡಿಸುವಂಥದ್ದು ಬರೆದರೆ ನ್ಯಾಯಾಂಗ ನಿಂದನೆ, ಜೈಲು. 2024ರಲ್ಲಿ ಅಮೆರಿಕದ ಪತ್ರಿಕೆಯೊಂದು ಈ ಕೇಸಿನ ಬಗ್ಗೆ ಅನುಮಾನ ಎತ್ತಿ ಉದ್ದದ ಲೇಖನ ಬರೆಯಿತು. ಮರುವಿಚಾರಣೆ ಬಾಕಿಯಿದ್ದ ಕಾರಣ ಬ್ರಿಟನ್ನಿನಲ್ಲಿ ಅದನ್ನು ಆನ್‌ಲೈನ್ ಓದಲು ಆಗದ ಹಾಗೆ ಅವರೇ ತಡೆದರು. ನಮ್ಮ ಕಡೆ ಹೇಗೆ? ಆರೋಪಿಯನ್ನು ಜೀಪಿನಿಂದ ಇಳಿಸುವಷ್ಟರಲ್ಲಿ ಟಿವಿಯಲ್ಲಿ ಅವನ ಮುಖಕ್ಕೊಂದು ಕೆಂಪು ವೃತ್ತ. ಹಿಂದೆ ಡೋಲು ಸಂಗೀತ. ಪ್ಯಾನೆಲ್ಲಿನಲ್ಲಿ ನಿವೃತ್ತ ಪೊಲೀಸ್ ಅಧಿಕಾರಿ, ಮನಶ್ಶಾಸ್ತ್ರಜ್ಞ, ಒಬ್ಬ ಜ್ಯೋತಿಷಿ. ರಾತ್ರಿ ಒಂಬತ್ತಕ್ಕೆ ತೀರ್ಪು, ಒಂಬತ್ತೂವರೆಗೆ ಗಲ್ಲು. ಇಲ್ಲಿಯ ಮೌನ ನೋಡಿ, ನಾವು ಯಾವಾಗ ಹೀಗೆ ಕಲಿಯುತ್ತೇವೋ ಅನ್ನಿಸಿತ್ತು.

ಆದರೆ ಇಲ್ಲಿಯ ಮೌನ ಒಂದೇ ಕಡೆ ನಿಲ್ಲುವುದಿಲ್ಲ. ತೀರ್ಪಿಗೂ ಅದೇ ಮೌನ. ನನ್ನ ತಕರಾರು ಶುರುವಾಗುವುದು ಅಲ್ಲಿ.

ಮ್ಯಾಂಚೆಸ್ಟರ್‌ನಲ್ಲಿ ಹನ್ನೆರಡು ಜನರ ಜ್ಯೂರಿ ಕೂತಿತ್ತು. ಒಬ್ಬರು ಕೊನೆಯ ಹೊತ್ತಿಗೆ ವೈಯಕ್ತಿಕ ಕಾರಣಕ್ಕೆ ಹೋದರು, ಉಳಿದವರು ಹನ್ನೊಂದು. 110 ಗಂಟೆಗೂ ಹೆಚ್ಚು ಹೊತ್ತು ಕೋಣೆಯೊಳಗೆ ಚರ್ಚೆ ಮಾಡಿದರು. ಕೆಲವು ಆರೋಪಗಳಿಗೆ ಎಲ್ಲರೂ ಒಪ್ಪಿ, ಉಳಿದವಕ್ಕೆ ಹತ್ತಕ್ಕೆ ಒಂದರಂತೆ "ಗಿಲ್ಟಿ" ಎಂದರು. ಎರಡಕ್ಕೆ ಅಲ್ಲ ಎಂದರು. ಆರರಲ್ಲಿ ತೀರ್ಮಾನಕ್ಕೇ ಬರಲಿಲ್ಲ. ಇದರರ್ಥ ಅವರು ಕುರಿಮಂದೆ ಥರ ನುಗ್ಗಲಿಲ್ಲ, ಒಂದೊಂದನ್ನೂ ಬೇರೆ ಬೇರೆಯಾಗಿ ತೂಗಿದರು. ಆದರೆ ಯಾಕೆ ಎಂಬ ಒಂದು ಸಾಲು ಕೂಡ ನಮಗೆ ಸಿಗುವುದಿಲ್ಲ. ಚಾರ್ಟ್ ನಂಬಿದರಾ? ಚೀಟಿ ನಂಬಿದರಾ? ಮಕ್ಕಳಿಗೆ ಇನ್ಸುಲಿನ್ ಹಾಕಿದಳು ಎನ್ನಲು ತೋರಿಸಿದ ರಕ್ತ ಪರೀಕ್ಷೆಯನ್ನಾ? ಅವರು ಹೇಳುವಂತಿಲ್ಲ. ನಾವು ಕೇಳುವಂತಿಲ್ಲ.

ನಮ್ಮ ತಾಲೂಕು ಕೋರ್ಟಿನ ನ್ಯಾಯಾಧೀಶರು ಕೂಡ ತೀರ್ಪಿನಲ್ಲಿ ಕಾರಣ ಬರೆಯಲೇಬೇಕು. ಇಂಥ ಸಾಕ್ಷಿಯನ್ನು ನಂಬಿದೆ, ಇಂಥದ್ದನ್ನು ನಂಬಲಿಲ್ಲ, ಯಾಕೆಂದರೆ ಹೀಗೆ. ನಾವೂ ಒಂದು ಕಾಲಕ್ಕೆ ಜ್ಯೂರಿ ಇಟ್ಟುಕೊಂಡಿದ್ದವರೇ. 1959ರಲ್ಲಿ ನೌಕಾಪಡೆಯ ಅಧಿಕಾರಿ ನಾನಾವತಿಯ ಕೊಲೆ ಆರೋಪದ ಕೇಸಿನಲ್ಲಿ ಬಾಂಬೆಯ ಜ್ಯೂರಿ ಎಂಟಕ್ಕೆ ಒಂದರಂತೆ ನಿರ್ದೋಷಿ ಎಂದಿತು. ಜಡ್ಜ್ ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಆಮೇಲೆ ನಿಧಾನಕ್ಕೆ ಆ ಪದ್ಧತಿಯೇ ಹೋಯಿತು.

ಬರೆದ ಕಾರಣಕ್ಕೆ ಏನು ಬೆಲೆ ಅಂತ ಆರುಷಿ ಕೇಸು ನೋಡಿದರೆ ತಿಳಿಯುತ್ತದೆ. 2008ರಲ್ಲಿ ನೋಯ್ಡಾದಲ್ಲಿ ಮಗಳ ಕೊಲೆ, ಮನೆಗೆಲಸದವನ ಕೊಲೆ. 2013ರಲ್ಲಿ ಅಪ್ಪ ಅಮ್ಮನಿಗೆ ಜೀವಾವಧಿ. ವಿಚಾರಣಾ ನ್ಯಾಯಾಧೀಶರು ಇನ್ನೂರು ಪುಟ ದಾಟಿ ಬರೆದಿದ್ದರು. 2017ರಲ್ಲಿ ಅಲಹಾಬಾದ್ ಹೈಕೋರ್ಟು ಆ ಪುಟಗಳನ್ನೇ ಬಿಡಿಸಿಟ್ಟುಕೊಂಡು ಕೂತಿತು. ಕೆಲವು ಅಂಕಿ ಮೊದಲೇ ಹಿಡಿದುಕೊಂಡು ಲೆಕ್ಕ ಬಿಡಿಸುವ ಗಣಿತದ ಮೇಷ್ಟ್ರ ಹಾಗೆ, ಸಿನಿಮಾ ನಿರ್ದೇಶಕನ ಹಾಗೆ ತೀರ್ಪು ಬರೆದಿದ್ದಾರೆ ಎಂದು ಚಾಟಿ ಬೀಸಿ ಇಬ್ಬರನ್ನೂ ಬಿಟ್ಟಿತು. ಕೆಟ್ಟ ಕಾರಣ ಬರೆದಿದ್ದರಿಂದಲೇ ಅದು ಕೆಟ್ಟದ್ದು ಅಂತ ತೋರಿಸಲು ಆಯಿತು. ಮ್ಯಾಂಚೆಸ್ಟರ್‌ನ ಹನ್ನೊಂದು ಜನರ ತಪ್ಪನ್ನು, ತಪ್ಪಿದ್ದರೆ, ಯಾವ ಪುಟದಲ್ಲಿ ಹುಡುಕುವುದು?

ಇದಕ್ಕೆ ಇಲ್ಲಿಯವರು ಹೇಳುವುದು, ಮೇಲ್ಮನವಿ ಕೋರ್ಟಿದೆಯಲ್ಲ ಅಂತ. ಇದೆ. ಅಲ್ಲಿ ಏನಾಯಿತು ಅಂತಲೂ ಹೇಳುತ್ತೇನೆ. ಕೆನಡಾದ ಡಾಕ್ಟರ್ ಶೂ ಲೀ 1989ರಲ್ಲಿ ಒಂದು ಲೇಖನ ಬರೆದಿದ್ದರು. ಹಸುಗೂಸಿನ ರಕ್ತನಾಳಕ್ಕೆ ಗಾಳಿ ಹೊಕ್ಕರೆ ಚರ್ಮದ ಮೇಲೆ ಎಂಥ ಬಣ್ಣ ಕಾಣುತ್ತದೆ ಅನ್ನುವ ಬಗ್ಗೆ. ಲೆಟ್ಬಿ ಗಾಳಿ ಚುಚ್ಚಿ ಕೊಂದಳು ಅನ್ನುವ ವಾದಕ್ಕೆ ಸರ್ಕಾರಿ ಕಡೆಯವರು ಇದನ್ನು ಆಧಾರ ಮಾಡಿಕೊಂಡರು. ಲೀ ಅವರಿಗೆ ಇದು ಗೊತ್ತಾಗಿದ್ದು ಶಿಕ್ಷೆಯಾದ ಮೇಲೆ. ಅವರು "ನನ್ನ ಲೇಖನವನ್ನು ತಪ್ಪಾಗಿ ಬಳಸಿದ್ದೀರಿ" ಎಂದು ಮೇಲ್ಮನವಿ ಕೋರ್ಟಿಗೆ ಹೇಳಿದರು. ಕೋರ್ಟು ಒಪ್ಪಲಿಲ್ಲ. ಈ ಸಾಕ್ಷಿಯನ್ನು ಮೊದಲ ವಿಚಾರಣೆಯಲ್ಲೇ ಕರೆತರಬಹುದಿತ್ತಲ್ಲ ಅನ್ನುವುದು ಒಂದು ಕಾರಣ, ಬರೀ ಚರ್ಮದ ಬಣ್ಣದ ಮೇಲೆ ಕೇಸು ನಿಂತಿಲ್ಲ ಅನ್ನುವುದು ಇನ್ನೊಂದು. ಎರಡನೆಯ ಕಾರಣ ನನಗೆ ಅರ್ಥವಾಗುತ್ತದೆ. ಮೊದಲನೆಯದು ನುಂಗಲು ಕಷ್ಟ. ವಕೀಲರು ತರಲಿಲ್ಲ ಅಂತ ಕಕ್ಷಿದಾರಳು ಸಾಯುವವರೆಗೂ ಒಳಗಿರಬೇಕಾ?

ಆ ವಕೀಲರ ಒಗಟು ಬೇರೆ ಇದೆ. ಹತ್ತು ತಿಂಗಳ ವಿಚಾರಣೆಯಲ್ಲಿ ಆಕೆಯ ಕಡೆಯಿಂದ ಕಟಕಟೆ ಹತ್ತಿದವರು ಇಬ್ಬರೇ. ಒಂದು ಆಕೆ, ಇನ್ನೊಬ್ಬ ಆಸ್ಪತ್ರೆಯ ಪ್ಲಂಬರ್. ವಾರ್ಡಿನ ಸಿಂಕಿನಲ್ಲಿ ಕೊಳಚೆ ನೀರು ಉಕ್ಕುತ್ತಿತ್ತು ಅಂತ ಹೇಳಲು. ಹಸುಗೂಸುಗಳ ತಜ್ಞರೊಬ್ಬರು ಆಕೆಯ ಪರವಾಗಿ ವರದಿ ಬರೆದು ಸಿದ್ಧವಾಗಿದ್ದರು. ಅವರನ್ನು ಕರೆಯಲೇ ಇಲ್ಲ.

2025ರ ಫೆಬ್ರವರಿ 4ರಂದು ಲೀ ಲಂಡನ್ನಿಗೆ ಬಂದು ಪತ್ರಿಕಾಗೋಷ್ಠಿ ಮಾಡಿದರು. ಬೇರೆ ಬೇರೆ ದೇಶದ 14 ತಜ್ಞರ ತಂಡ ಮಕ್ಕಳ ಕಡತಗಳನ್ನು ನೋಡಿ, ಕೊಲೆಗೆ ವೈದ್ಯಕೀಯ ಪುರಾವೆ ಕಾಣಲಿಲ್ಲ, ಸಹಜ ಕಾಯಿಲೆ ಅಥವಾ ಕೆಟ್ಟ ಆರೈಕೆಯಿಂದ ಹೋಗಿವೆ ಎಂದಿತು. ಟಿವಿಯಲ್ಲಿ ನೋಡುತ್ತಾ ನನಗೆ ಮೊದಲು ಸಮಾಧಾನ ಅನ್ನಿಸಿತು, ಆಮೇಲೆ ಮುಜುಗರ. ಇದೂ ಒಂದು ಬಗೆಯ ಟಿವಿ ತೀರ್ಪೇ ಅಲ್ವಾ? ಇವರನ್ನು ಅಡ್ಡಪ್ರಶ್ನೆ ಕೇಳುವ ವಕೀಲರು ಅಲ್ಲಿರಲಿಲ್ಲ. ಕೋರ್ಟಿನ ಬಾಗಿಲು ಮುಚ್ಚಿದರೆ ಅನುಮಾನ ಬೀದಿಗೆ ಬರುತ್ತದೆ. ಬೀದಿಯಲ್ಲಿ ಅದಕ್ಕೆ ನಿಯಮ ಇರುವುದಿಲ್ಲ.

ಈಗ ಕಡತ ಇರುವುದು ಸಿಸಿಆರ್‌ಸಿ ಎಂಬ ಆಯೋಗದ ಮುಂದೆ. ತಪ್ಪು ತೀರ್ಪುಗಳನ್ನು ಮತ್ತೆ ನೋಡಿ ಮೇಲ್ಮನವಿ ಕೋರ್ಟಿಗೆ ಕಳಿಸಲೆಂದೇ 1997ರಲ್ಲಿ ಮಾಡಿಕೊಂಡಿದ್ದು. ಬರ್ಮಿಂಗ್‌ಹ್ಯಾಮ್ ಬಾಂಬ್ ಕೇಸಿನಲ್ಲಿ ಆರು ಜನ ಮಾಡದ ತಪ್ಪಿಗೆ 16 ವರ್ಷ ಕೂತು ಹೊರಬಂದ ಮೇಲೆ ಬಂದ ಬುದ್ಧಿ. ಇಂಥದ್ದೊಂದು ನಮ್ಮಲ್ಲಿಲ್ಲ, ಬೇಕು. ಆದರೆ ಇದು ಮಂತ್ರದಂಡವೂ ಅಲ್ಲ. ಇಲ್ಲೇ ಸಾಲ್ಫರ್ಡ್‌ನ ಅತ್ಯಾಚಾರದ ಕೇಸಿನಲ್ಲಿ ತಪ್ಪು ಮಾಡದ ಒಬ್ಬ ಮನುಷ್ಯ 17 ವರ್ಷ ಜೈಲಿನಲ್ಲಿದ್ದ. ಆಯೋಗ ಎರಡು ಸಲ ಅವನ ಅರ್ಜಿ ವಾಪಸ್ ಕಳಿಸಿತ್ತು. 2023ರ ಜುಲೈನಲ್ಲಿ ಅವನನ್ನು ನಿರ್ದೋಷಿ ಎಂದರು. ಅದಾದ ಮುಂದಿನ ತಿಂಗಳೇ ಲೆಟ್ಬಿ ತೀರ್ಪು.

ನಮ್ಮವರನ್ನು ಹೊಗಳಿದ್ದು ಸಾಕು. ಕುಶಾಲನಗರದ ಹತ್ತಿರ ಬುಡಕಟ್ಟಿನ ಒಬ್ಬ ಬಡವ, ಹೆಂಡತಿ ಕಾಣೆಯಾಗಿದ್ದಾಳೆ ಅಂತ ತಾನೇ ಹೋಗಿ ದೂರು ಕೊಟ್ಟ. ಬೆಟ್ಟದಪುರದ ಕಡೆ ಒಂದು ಅಸ್ಥಿಪಂಜರ ಸಿಕ್ಕಿತು. ಇದೇ ಅವಳು, ನೀನೇ ಕೊಂದೆ ಅಂತ ಪೊಲೀಸರು ಅವನನ್ನೇ ಒಳಗೆ ಹಾಕಿದರು. ಡಿಎನ್‌ಎ ಹೊಂದಲಿಲ್ಲ. ಆದರೂ ಕೇಸು ನಡೆಯಿತು. ಒಂದೂವರೆ ವರ್ಷಕ್ಕೂ ಹೆಚ್ಚು ಜೈಲು. 2025ರ ಏಪ್ರಿಲ್‌ನಲ್ಲಿ ಆ ಹೆಂಡತಿ ಮಡಿಕೇರಿಯ ಹೋಟೆಲೊಂದರಲ್ಲಿ ಅವನ ಗೆಳೆಯರ ಕಣ್ಣಿಗೆ ಬಿದ್ದಳು. ಮೈಸೂರಿನ ಕೋರ್ಟು ಅವನನ್ನು ಬಿಡುಗಡೆ ಮಾಡಿ ಒಂದು ಲಕ್ಷ ಪರಿಹಾರ ಕೊಡಿ ಎಂದಿತು. ಅವನ ಪರವಾಗಿ 14 ತಜ್ಞರು ಬರಲಿಲ್ಲ. ಪತ್ರಿಕಾಗೋಷ್ಠಿ ಇರಲಿಲ್ಲ. ಸತ್ತವಳೇ ಎದ್ದು ಬರಬೇಕಾಯಿತು.

ಇಂಗ್ಲೆಂಡಿನವರೂ ಇದನ್ನು ಕಂಡವರೇ. 1660ರಲ್ಲಿ ಚಿಪ್ಪಿಂಗ್ ಕ್ಯಾಂಪ್ಡೆನ್ ಎಂಬ ಊರಿನಲ್ಲಿ ಬಾಡಿಗೆ ವಸೂಲಿಗೆ ಹೋದ ಮುದುಕ ಮಾಯವಾದ. ಅವನ ಆಳು ತಪ್ಪೊಪ್ಪಿಕೊಂಡ, ತನ್ನ ತಾಯಿ ಮತ್ತು ಸಹೋದರನ ಹೆಸರನ್ನೂ ಸೇರಿಸಿದ. ಮೂವರನ್ನೂ ಗಲ್ಲಿಗೆ ಹಾಕಿದರು. 1662ರಲ್ಲಿ ಮುದುಕ ನಡೆದುಕೊಂಡು ಊರಿಗೆ ಬಂದ. ಅದಾದ ಮೇಲೆ ಬಹಳ ಕಾಲ ಹೆಣ ಸಿಗದೆ ಕೊಲೆ ಕೇಸಿಲ್ಲ ಅನ್ನುವುದು ಇಲ್ಲಿ ರೂಢಿಯಾಗಿತ್ತು. ಮಾಡದ ಕೊಲೆಯನ್ನು ಆ ಆಳು ಯಾಕೆ ಒಪ್ಪಿಕೊಂಡ ಅಂತ ಯಾರಿಗೂ ಇವತ್ತಿಗೂ ಗೊತ್ತಿಲ್ಲ. ಆ ಚೀಟಿಯ ಮಾತು ಬಂದಾಗಲೆಲ್ಲ ನನಗೆ ಇವನು ನೆನಪಾಗುತ್ತಾನೆ.

ನಮ್ಮ ದಕ್ಷಿಣ ಏಷ್ಯಾದ ನರ್ಸುಗಳು, ಡಾಕ್ಟರುಗಳು ತಮ್ಮತಮ್ಮಲ್ಲೇ ಆಡಿಕೊಳ್ಳುವ ಇನ್ನೊಂದು ಮಾತಿದೆ. 2015ರಲ್ಲಿ ಇದೇ ಮ್ಯಾಂಚೆಸ್ಟರ್ ಕೋರ್ಟಿನಲ್ಲಿ ಫಿಲಿಪೀನ್ಸ್‌ನಿಂದ ಬಂದ ಒಬ್ಬ ನರ್ಸಿಗೆ ರೋಗಿಗಳಿಗೆ ಇನ್ಸುಲಿನ್ ಹಾಕಿ ಕೊಂದ ಅಂತ ಜೀವಾವಧಿ ಆಯಿತು. ಅವನು ತಪ್ಪಿತಸ್ಥನೇ ಇರಬಹುದು. ಆದರೆ ಅವನ ಬಗ್ಗೆ ಅನುಮಾನ ಪಡಲು ಒಬ್ಬ ಎಂಪಿಯೂ ಎದ್ದು ನಿಂತಿದ್ದು ನನಗೆ ಗೊತ್ತಿಲ್ಲ. ಲೆಟ್ಬಿಯ ವಿಷಯದಲ್ಲಿ ಡೇವಿಡ್ ಡೇವಿಸ್‌ರಂಥ ಹಿರಿಯ ಎಂಪಿ ಸಂಸತ್ತಿನಲ್ಲೇ ಮಾತಾಡಿದರು. "ಬಿಳಿ ಹುಡುಗಿ, ಪಾಪದ ಮುಖ. ಅದಕ್ಕೇ ಕೊಲೆ ಮಾಡಿರ್ಲಿಕ್ಕಿಲ್ಲ ಅಂತ ಇವರಿಗೆ ಅನ್ನಿಸುದು" ಅನ್ನುತ್ತಾಳೆ ನನ್ನ ಹೆಂಡತಿ. ಆ ಮಾತಿನಲ್ಲಿ ನಿಜವಿದೆ. ಹಾಗಂತ ಆಕೆಯ ಪರವಾದ ಪ್ರಶ್ನೆಗಳು ಸುಳ್ಳಾಗುವುದಿಲ್ಲ. ಉಳಿದವರಿಗೂ ಅಷ್ಟೇ ಪ್ರಶ್ನೆ ಕೇಳುವವರು ಬೇಕು ಅಂತಾಗುತ್ತದೆ, ಅಷ್ಟೇ.

ಮಕ್ಕಳ ಅಪ್ಪ ಅಮ್ಮಂದಿರ ಹೆಸರು ನಮಗೆ ಗೊತ್ತಿಲ್ಲ. ಮಕ್ಕಳನ್ನು ಕೋರ್ಟು ಎ ಇಂದ ಕ್ಯೂವರೆಗೆ ಅಕ್ಷರಗಳಿಂದಷ್ಟೇ ಕರೆಯಿತು. ಹದಿನೇಳು ಅಕ್ಷರ. ಆ ಮನೆಗಳಿಗೆ ಮೊದಲು ಸಹಜ ಸಾವು ಅಂದರು, ಆಮೇಲೆ ಕೊಲೆ ಅಂದರು, ಈಗ ಟಿವಿಯಲ್ಲಿ ಕೊಲೆಯೇ ಅಲ್ಲ ಅನ್ನುತ್ತಿದ್ದಾರೆ. ನಾನು ಹೀಗೆ ಕಾಫಿ ಕುಡಿಯುತ್ತಾ ಎರಡೂ ಕಡೆ ವಾದ ಮಾಡುವಾಗ ಆ ಅಕ್ಷರಗಳು ನೆನಪಾದರೆ ಬಾಯಿ ಕಟ್ಟುತ್ತದೆ.

ಹೋದ ಚಳಿಗಾಲದಲ್ಲಿ ನನಗೇ ಜ್ಯೂರಿಗೆ ಕರೆ ಬಂತು. ನನ್ನದು ಇನ್ನೂ ಭಾರತದ ಪಾಸ್‌ಪೋರ್ಟು. ಆದರೆ ಕಾಮನ್‌ವೆಲ್ತ್ ದೇಶದವರಿಗೆ ಇಲ್ಲಿ ಓಟಿದೆ, ಓಟಿದ್ದವರಿಗೆ ಜ್ಯೂರಿ ಕರೆಯೂ ಬರುತ್ತದೆ. ಎರಡು ವಾರ. ದಿನಕ್ಕೆ ಊಟಕ್ಕೆ 5 ಪೌಂಡ್ 71 ಪೆನ್ಸ್. ಪ್ರಮಾಣಕ್ಕೆ ಯಾವ ಗ್ರಂಥ ಬೇಕು ಅಂತ ಕೇಳಿದರು. ಭಗವದ್ಗೀತೆ ಅಂದೆ, ಬಟ್ಟೆಯಲ್ಲಿ ಸುತ್ತಿದ್ದು ತಂದುಕೊಟ್ಟರು. ನಮ್ಮ ಕೋರ್ಟುಗಳಲ್ಲಿ ಗೀತೆ ಮುಟ್ಟಿಸುವುದು ಸಿನಿಮಾದಲ್ಲಿ ಮಾತ್ರ. ನಾನು ನಿಜವಾಗಿ ಮುಟ್ಟಿದ್ದು ಇಂಗ್ಲೆಂಡಿನಲ್ಲಿ.

ಇಲ್ಲಿ ಜಡ್ಜ್‌ಗಳು ಈಗ "ಸಂಶಯಕ್ಕೆ ಎಡೆಯಿಲ್ಲದಂತೆ" ಅನ್ನುವ ಹಳೇ ಮಾತು ಬಳಸುವುದು ಕಡಿಮೆ. ಒಂದೇ ಪದ ಹೇಳುತ್ತಾರೆ: ನಿಮಗೆ ಖಚಿತವಾಗಿರಬೇಕು. ಬಹುಶಃ ಮಾಡಿರಬಹುದು ಅಂತಿದ್ದರೆ ಸಾಲದು. ಕೇಳುವಾಗ ಸುಲಭ ಅನ್ನಿಸಿತು.

ನಮ್ಮದು ಸಣ್ಣ ಕೇಸು. ಒಬ್ಬ ಹುಡುಗ, ಒಂದು ಹೊಡೆದಾಟ. ಕೋಣೆಯೊಳಗೆ ನಾವು ಹನ್ನೆರಡು ಜನ ಏನು ಮಾತಾಡಿದೆವು ಅಂತ ಬರೆದರೆ ನನಗೆ ಎರಡು ವರ್ಷದವರೆಗೆ ಜೈಲಾಗಬಹುದು. ಹಾಗಾಗಿ ಬರೆಯುವುದಿಲ್ಲ. ಕೊನೆಯ ದಿನ ಮನೆಗೆ ಬಂದಾಗ ಕತ್ತಲಾಗಿತ್ತು. ಶೂ ಬಿಚ್ಚುತ್ತಿದ್ದೆ. ಹೆಂಡತಿ ನೈಟ್ ಡ್ಯೂಟಿಗೆ ಹೊರಟಿದ್ದಳು.

"ಎಂತ ಆಯ್ತು ಮಾರಾಯ್ರೆ?"

"ಹೇಳೋ ಹಾಗಿಲ್ಲ ಕಣೇ."

"ಒಳಗಿನದ್ದು ಬೇಡ. ನಿಮಗೆ ಖಚಿತ ಇತ್ತಾ, ಅಷ್ಟು ಹೇಳಿ."

ಶೂ ಲೇಸು ಗಂಟಾಗಿತ್ತು. ಅದನ್ನೇ ಬಿಡಿಸುತ್ತಾ ಕೂತೆ.